ಆಹಾರ ಹಳಸಿದೆಯೇ ಎಂದು ಹೇಳುವ ಬಣ್ಣದ ಸೂಚಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಮೀನು, ಹಾಲು, ಮಾಂಸ, ಹಣ್ಣು ಸಾಗಿಸುವವರು, ಮಾರುವವರು, ಕೊಳ್ಳುವವರು, ಕಾಲೇಜಿನಲ್ಲಿ ಇದೇ ವಿಷಯದ ಪ್ರಾಜೆಕ್ಟ್ ಹಿಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇನೆ. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಸುಲಭದ್ದು ಮೊದಲು, ಕಷ್ಟದ್ದು ಕೊನೆಗೆ ಇದೆ.

## ಶುರುವಿನ ಪ್ರಶ್ನೆಗಳು

ಪ್ಯಾಕೆಟ್ ಮೇಲೆ ತಾರೀಖು ಹಾಕಿರ್ತಾರಲ್ಲ, ಮತ್ತೆ ಈ ಬಣ್ಣದ ಚುಕ್ಕೆ ಯಾಕೆ?

ತಾರೀಖು ಹಾಕುವವರು ಮನಸ್ಸಿನಲ್ಲಿ ಒಂದು ಷರತ್ತು ಇಟ್ಟುಕೊಂಡಿರುತ್ತಾರೆ: ಮಾಲು ದಾರಿಯುದ್ದಕ್ಕೂ ಹೇಳಿದಷ್ಟು ತಣ್ಣಗಿರಬೇಕು. ಆ ಷರತ್ತು ಎಲ್ಲೋ ಮುರಿದರೂ ತಾರೀಖು ಹಾಗೆಯೇ ಇರುತ್ತದೆ.

ಮೀನಿನ ಲೆಕ್ಕ ನೋಡಿ. ಮೀನು ತಂತ್ರಜ್ಞರು ಬಹುಕಾಲದಿಂದ ಬಳಸುವ ಒಂದು ಅಂದಾಜು ಸೂತ್ರವಿದೆ. ಐಸಿನಲ್ಲಿ, ಅಂದರೆ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀನು ಕೆಡುವ ವೇಗವನ್ನು 1 ಎಂದುಕೊಂಡರೆ, 5 ಡಿಗ್ರಿಯಲ್ಲಿ ಅದು 2.25 ಆಗುತ್ತದೆ, 10 ಡಿಗ್ರಿಯಲ್ಲಿ 4. ಐಸಿನಲ್ಲಿ ಹತ್ತು ದಿನ ತಾಳುವ ಮೀನು 10 ಡಿಗ್ರಿಯಲ್ಲಿ ಎರಡೂವರೆ ದಿನಕ್ಕೇ ಮುಗಿಯಿತು. ಮುಟ್ಟಿ ನೋಡಿದರೆ 10 ಡಿಗ್ರಿಯೂ ತಣ್ಣಗೇ ಇರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಎಷ್ಟು ಹೊತ್ತು, ಎಷ್ಟು ಬಿಸಿ ಎಂಬ ಎರಡನ್ನೂ ಕೂಡಿಸುತ್ತಾ ಹೋಗುವ ಕೆಲಸವನ್ನು ಈ ಚುಕ್ಕೆ ಮಾಡುತ್ತದೆ.

ಇಂಥದ್ದು ನಾನಂತೂ ಎಲ್ಲೂ ನೋಡಿಲ್ಲ. ನಿಜವಾಗಿ ಬಳಕೆಯಲ್ಲಿದೆಯಾ?

ನೀವು ನೋಡದಿದ್ದರೂ ನಿಮ್ಮೂರಿನ ಆಶಾ ಕಾರ್ಯಕರ್ತೆ ಖಂಡಿತ ನೋಡಿರುತ್ತಾರೆ. ಪೋಲಿಯೊ ಹನಿಯ ಪುಟ್ಟ ಬಾಟಲಿಯ ಮೇಲೆ ನೇರಳೆ ಬಣ್ಣದ ಒಂದು ವೃತ್ತ, ಅದರ ನಡುವೆ ಒಂದು ಚೌಕ ಇರುತ್ತದೆ. ಚೌಕ ಸುತ್ತಲಿನ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಹಾಕಬಹುದು. ಎರಡೂ ಒಂದೇ ಬಣ್ಣಕ್ಕೆ ಬಂದರೆ, ಅಥವಾ ಚೌಕವೇ ಗಾಢವಾದರೆ ಆ ಬಾಟಲಿ ಬಳಸುವಂತಿಲ್ಲ. 1996ರಿಂದ ಪೋಲಿಯೊ ಹನಿಯ ಮೇಲೆ ಈ ಗುರುತು ಬರುತ್ತಿದೆ. 37 ಡಿಗ್ರಿಯಲ್ಲಿ ಇಟ್ಟರೆ ಅದು 2 ದಿನಕ್ಕೆ ಕೊನೆ ಮುಟ್ಟುತ್ತದೆ, 5 ಡಿಗ್ರಿಯಲ್ಲಿ ಅದೇ ದೂರ ಹೋಗಲು 225 ದಿನ ಬೇಕು.

ಅಕ್ಷರ ಬಾರದವರೂ ಓದಬಲ್ಲ ಗುರುತು ಇದು. ಕರೆಂಟು ಬೇಡ, ಬ್ಯಾಟರಿ ಬೇಡ. ಆಹಾರಕ್ಕೆ ಹಚ್ಚುವ ಲೇಬಲ್‌ಗಳೂ ಇದೇ ತತ್ವದವು. ನಮ್ಮ ಅಂಗಡಿಗಳಲ್ಲಿ ಅವು ಅಪರೂಪ, ನಿಜ. ಲಸಿಕೆಗೆ ಕೊಟ್ಟ ಈ ಎಚ್ಚರವನ್ನು ಮೀನಿಗೂ ಮಾಂಸಕ್ಕೂ ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲಾ ಲೇಬಲ್‌ಗಳೂ ಒಂದೇನಾ?

ಅಲ್ಲ. ಗೊಂದಲ ಹೆಚ್ಚಾಗಿ ಹುಟ್ಟುವುದೇ ಇಲ್ಲಿ. ಒಂದು ಬಗೆಯ ಲೇಬಲ್ ಪ್ಯಾಕೆಟ್‌ನ ಹೊರಗಿರುತ್ತದೆ, ಒಳಗಿರುವ ಮೀನಿನ ಸುದ್ದಿಯೇ ಅದಕ್ಕಿಲ್ಲ. ತಾನು ಎಷ್ಟು ಬಿಸಿ ಉಂಡೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಇದನ್ನು ಕಾಲ-ತಾಪ ಸೂಚಕ ಎನ್ನೋಣ. ಇನ್ನೊಂದು ಬಗೆಯದು ಪ್ಯಾಕೆಟ್‌ನ ಒಳಗಿರುತ್ತದೆ, ಆಹಾರ ಕೆಡುವಾಗ ಬಿಡುವ ಆವಿಗೆ ಬಣ್ಣ ಬದಲಿಸುತ್ತದೆ. ಇದು ತಾಜಾತನದ ಸೂಚಕ. ಮೂರನೆಯದು ಗಾಳಿ ನುಗ್ಗಿತೇ ಎಂದು ನೋಡುವ ಆಮ್ಲಜನಕ ಸೂಚಕ. ಲೇಬಲ್ ಕೊಳ್ಳುವ ಮೊದಲು ಇದು ಯಾವುದಕ್ಕೆ ಸ್ಪಂದಿಸುತ್ತದೆ ಎಂದು ಕೇಳಿ. ಮಾರುವವರು ನೇರ ಉತ್ತರ ಕೊಡದಿದ್ದರೆ ಕೊಳ್ಳಬೇಡಿ.

ಮತ್ತೆ ಫ್ರಿಜ್ಜಿಗೆ ಇಟ್ಟರೆ ಬಣ್ಣ ವಾಪಸ್ ಬರುತ್ತಾ?

ಒಳ್ಳೆಯ ಕಾಲ-ತಾಪ ಸೂಚಕದಲ್ಲಿ ಬರುವುದಿಲ್ಲ, ಬರಲೂ ಬಾರದು. ತಣ್ಣಗಾದಾಗ ಅದರ ನಡಿಗೆ ನಿಧಾನವಾಗುತ್ತದೆ, ಹಿಂದಕ್ಕೆ ಹೋಗುವುದಿಲ್ಲ. ತಣ್ಣಗಾದಾಗ ನೀಲಿ, ಬಿಸಿಯಾದಾಗ ಬಿಳಿ ಆಗುವ ಬಿಯರ್ ಬಾಟಲಿಯ ಚಿತ್ರಗಳು ಬೇರೆ ಜಾತಿ. ಅವು ಈ ಕ್ಷಣದ ತಾಪವನ್ನು ಹೇಳುತ್ತವೆ, ನಿನ್ನೆಯದು ಅವುಗಳಲ್ಲಿ ಉಳಿದಿರುವುದಿಲ್ಲ.

ನಮ್ಮ ಮೂಗೇ ಸಾಕಲ್ವಾ ಮಾರಾಯ್ರೇ? ಬಂಗುಡೆ ಕೆಟ್ಟಿದ್ದು ಮೂಸಿದ್ರೆ ಗೊತ್ತಾಗೋದಿಲ್ವಾ?

ದಕ್ಕೆಯಲ್ಲಿ ಬುಟ್ಟಿಯಿಂದ ಎತ್ತಿ, ಕಿವಿರು ಬಿಡಿಸಿ, ಕಣ್ಣು ನೋಡಿ ಕೊಳ್ಳುವವರಿಗೆ ಮೂಗೂ ಕಣ್ಣೂ ಒಳ್ಳೆಯ ಪರೀಕ್ಷಕರೇ. ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಎರಡು ಕಡೆ ಮೂಗು ಸೋಲುತ್ತದೆ.

ಮೊದಲನೆಯದು ಹಿಸ್ಟಮಿನ್. ಬಂಗುಡೆ, ಬೂತಾಯಿ, ಕೇದರ ಜಾತಿಯ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಂಶ ಹೆಚ್ಚು. ಹಿಡಿದ ಮೇಲೆ ಐಸು ಹಾಕಲು ತಡವಾದರೆ ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಮೀನಿನ ನೋಟ, ವಾಸನೆ ಚೆನ್ನಾಗಿಯೇ ಇರಬಹುದು. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರುತ್ತದೆ, ತುರಿಕೆ, ತಲೆನೋವು ಬರುತ್ತದೆ. ಒಮ್ಮೆ ಹುಟ್ಟಿದ ಹಿಸ್ಟಮಿನ್ ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ಐಸಿನಲ್ಲಿಟ್ಟರೂ ಹೋಗುವುದಿಲ್ಲ.

ಎರಡನೆಯದು ಗಾಳಿ ತೆಗೆದು ಪ್ಯಾಕ್ ಮಾಡಿದ ಮೀನು. ಗಾಳಿ ಇಲ್ಲದಾಗ ವಾಸನೆ ಹುಟ್ಟಿಸುವ ಸಾಮಾನ್ಯ ಬ್ಯಾಕ್ಟೀರಿಯಾಗಳು ಹಿಂದೆ ಬೀಳುತ್ತವೆ. ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಮಾತ್ರ 3.3 ಡಿಗ್ರಿಗಿಂತ ಮೇಲೆ ಬೆಳೆದು ವಿಷ ಮಾಡಬಲ್ಲವು. ವಾಸನೆ ಬರುವ ಮೊದಲೇ ವಿಷ ಬಂದಿರಬಹುದು. ಇಲ್ಲಿ ತಾಪದ ದಾಖಲೆಯ ಹೊರತು ಬೇರೆ ದಾರಿ ಇಲ್ಲ.

ಹಾಗಾದರೆ ಚುಕ್ಕೆ ಸರಿ ಇದ್ದರೆ ಕಣ್ಣು ಮುಚ್ಚಿ ತಿನ್ನಬಹುದಾ?

ಬೇಡ. ಸಾಲ್ಮೊನೆಲ್ಲಾದಂಥ ರೋಗಾಣು ಮೊದಲೇ ಸೇರಿದ್ದರೆ ಯಾವ ಚುಕ್ಕೆಯೂ ಅದನ್ನು ತೋರಿಸದು. ಲಿಸ್ಟೀರಿಯಾ ಎಂಬ ಇನ್ನೊಂದು ರೋಗಾಣು ಫ್ರಿಜ್ಜಿನ ತಂಪಿನಲ್ಲೂ ಬೆಳೆಯುತ್ತದೆ. ಚುಕ್ಕೆ ಕೆಟ್ಟ ಬಣ್ಣಕ್ಕೆ ಬಂದರೆ ತಿನ್ನಬೇಡಿ. ಒಳ್ಳೆಯ ಬಣ್ಣದಲ್ಲಿದ್ದರೆ ಉಳಿದ ಎಚ್ಚರಗಳನ್ನೆಲ್ಲ ಎಂದಿನಂತೆ ಇಟ್ಟುಕೊಳ್ಳಿ.

## ಬಣ್ಣ ಹೇಗೆ ಬದಲಾಗುತ್ತದೆ

ಮೀನಿನ ವಾಸನೆ ಬಣ್ಣ ಆಗೋದು ಹೇಗೆ?

ಸಮುದ್ರದ ಮೀನಿನ ಮೈಯಲ್ಲಿ ಟ್ರೈಮಿಥೈಲಮೀನ್ ಆಕ್ಸೈಡ್ ಎಂಬ ವಾಸನೆಯಿಲ್ಲದ ವಸ್ತು ಇರುತ್ತದೆ. ಮೀನು ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಟ್ರೈಮಿಥೈಲಮೀನ್ ಮಾಡುತ್ತವೆ. ನಾವು ಮೀನು ವಾಸನೆ ಎನ್ನುವುದು ಬಹುಪಾಲು ಇದನ್ನೇ. ಇನ್ನೂ ಕೆಟ್ಟಂತೆ ಅಮೋನಿಯಾ ಸೇರಿಕೊಳ್ಳುತ್ತದೆ. ಇವೆಲ್ಲ ಕ್ಷಾರಗುಣದವು, ಆವಿಯಾಗಿ ಪ್ಯಾಕೆಟ್‌ನ ಖಾಲಿ ಜಾಗ ತುಂಬುತ್ತವೆ. ಅಲ್ಲಿ ಕ್ಷಾರಕ್ಕೆ ಬಣ್ಣ ಬದಲಿಸುವ ಒಂದು ತುಣುಕು ಅಂಟಿಸಿದ್ದರೆ ಮುಗಿಯಿತು. ಬ್ರೊಮೊಕ್ರೆಸಾಲ್ ಗ್ರೀನ್ ಎಂಬ ಬಣ್ಣ ಪಿಎಚ್ (ಹುಳಿ-ಕ್ಷಾರದ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3.8ರ ಕೆಳಗೆ ಹಳದಿ, 5.4ರ ಮೇಲೆ ನೀಲಿ, ನಡುವೆ ಹಸಿರು. ಹಳದಿಯಿಂದ ಶುರುವಾದ ಚುಕ್ಕೆ ಹಸಿರಾಗಿ, ನೀಲಿಯಾಗುತ್ತದೆ.

ಕೆರೆ, ಹೊಳೆಯ ಮೀನಿನಲ್ಲಿ ಆ ಮೂಲ ವಸ್ತುವೇ ಬಹಳ ಕಡಿಮೆ. ಆದ್ದರಿಂದ ಕಡಲ ಮೀನಿಗೆ ಹೊಂದಿಸಿದ ಚುಕ್ಕೆ ಕಾಟ್ಲಾ, ರೋಹುಗೆ ತಡವಾಗಿ ಬಣ್ಣ ತೋರಿಸುತ್ತದೆ. ಶಾರ್ಕ್, ತೊರಕೆಗಳದ್ದು ಇದಕ್ಕೆ ತದ್ವಿರುದ್ಧ. ಅವುಗಳ ಮಾಂಸದಲ್ಲೇ ಯೂರಿಯಾ ತುಂಬಿದ್ದು, ಬೇಗ ಅಮೋನಿಯಾ ಬಿಡುತ್ತವೆ.

ಅರಿಶಿನ, ಶಂಖಪುಷ್ಪ, ಕೆಂಪು ಕೋಸಿನಿಂದ ಮಾಡಬಹುದು ಅಂತಾರೆ. ನಿಜಾನಾ? ಮನೇಲಿ ಮಾಡಿ ನೋಡಬಹುದಾ?

ನಿಜ. ಓಕುಳಿ ನೀರು ಮಾಡುವ ಮನೆಗಳಲ್ಲಿ ಈ ರಸಾಯನಶಾಸ್ತ್ರ ಎಲ್ಲರಿಗೂ ಗೊತ್ತು: ಹಳದಿ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದ ಕೂಡಲೇ ರಕ್ತಗೆಂಪು. ಅರಿಶಿನದ ಕರ್ಕ್ಯುಮಿನ್ ಕ್ಷಾರ ಸೋಕಿದರೆ ಕೆಂಪಾಗುತ್ತದೆ. ಅಮೋನಿಯಾ ಆವಿಯೂ ಕ್ಷಾರವೇ. ಕೆಂಪು ಕೋಸು, ಶಂಖಪುಷ್ಪ, ನೇರಳೆ ಹಣ್ಣು, ದಾಸವಾಳದಲ್ಲಿರುವುದು ಆಂಥೊಸಯಾನಿನ್. ಕೆಂಪು ಕೋಸಿನ ರಸ ಹುಳಿಯಲ್ಲಿ ಕೆಂಪು, ಸಮದಲ್ಲಿ ನೇರಳೆ, ಕ್ಷಾರದಲ್ಲಿ ನೀಲಿ, ಇನ್ನೂ ಕ್ಷಾರವಾದರೆ ಹಸಿರು.

ಮಾಡಿ ನೋಡಲು: ಕೆಂಪು ಕೋಸನ್ನು ಸಣ್ಣಗೆ ಹೆಚ್ಚಿ, ಬಿಸಿನೀರಿನಲ್ಲಿ ನೆನೆಸಿ ಸೋಸಿ. ಫಿಲ್ಟರ್ ಕಾಗದವನ್ನು ಅದರಲ್ಲಿ ಅದ್ದಿ ನೆರಳಲ್ಲಿ ಒಣಗಿಸಿ. ಒಂದು ತುಣುಕಿಗೆ ನಿಂಬೆರಸ, ಇನ್ನೊಂದಕ್ಕೆ ಅಡುಗೆ ಸೋಡಾದ ನೀರು ಹಾಕಿ ಎರಡು ತುದಿಯ ಬಣ್ಣ ನೋಡಿಕೊಳ್ಳಿ. ಈಗ ಎರಡು ಗಾಜಿನ ಬಾಟಲಿಯಲ್ಲಿ ಒಂದೊಂದು ತುಂಡು ಮೀನು ಹಾಕಿ. ಮುಚ್ಚಳದ ಒಳಗೆ ಕಾಗದ ಅಂಟಿಸಿ, ಮೀನಿಗೆ ತಾಗಬಾರದು. ಕಾಗದ ತುಸು ಒದ್ದೆಯಾಗಿರಲಿ. ಆವಿ ಮೊದಲು ಆ ನೀರಿನಲ್ಲಿ ಕರಗಬೇಕು, ಆಮೇಲೇ ಬಣ್ಣ. ಪೂರ್ತಿ ಒಣಗಿದ ಕಾಗದ ಎಷ್ಟು ಹೊತ್ತಾದರೂ ಸರಿಯಾಗಿ ಬದಲಾಗುವುದಿಲ್ಲ. ಒಂದು ಬಾಟಲಿ ಫ್ರಿಜ್ಜಿನಲ್ಲಿ, ಒಂದು ಹೊರಗೆ. ಹೊರಗಿನದು ಮೊದಲು ಅಂಚಿನಿಂದ ನೀಲಿಗೆ ತಿರುಗುತ್ತದೆ.

ಹೊರಗಿಟ್ಟ ಬಾಟಲಿಯನ್ನು ಮನೆಯೊಳಗೆ ತೆರೆಯಬೇಡಿ. ಈ ಕಾಗದ ನೋಡಿ ಊಟದ ನಿರ್ಧಾರವನ್ನಂತೂ ಮಾಡಲೇಬೇಡಿ. ತತ್ವ ಕಲಿಯಲು ಇದು ಬಹಳ ಚೆಂದ, ಅಷ್ಟೇ.

ಹಾಲಿಗೆ ಇಂಥ ಪರೀಕ್ಷೆ ಇದೆಯಾ?

ಹಾಲಿನವರು ಬಣ್ಣವನ್ನು ನಂಬಿ ಕೆಲಸ ಮಾಡುತ್ತಿರುವುದು ಇವತ್ತು ನಿನ್ನೆಯಿಂದಲ್ಲ. ಡೇರಿಯ ಪ್ರಯೋಗಾಲಯದಲ್ಲಿ 10 ಮಿಲಿ ಹಾಲಿಗೆ 1 ಮಿಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣದ ದ್ರಾವಣ ಹಾಕಿ, 37 ಡಿಗ್ರಿ ನೀರಿನಲ್ಲಿ ಕೊಳವೆಗಳನ್ನು ನಿಲ್ಲಿಸುತ್ತಾರೆ. ಬ್ಯಾಕ್ಟೀರಿಯಾ ಹಾಲಿನಲ್ಲಿ ಕರಗಿದ ಆಮ್ಲಜನಕ ಮುಗಿಸಿದಂತೆ ನೀಲಿ ಹೋಗಿ ಹಾಲು ಬೆಳ್ಳಗಾಗುತ್ತದೆ. ನೀಲಿ 5 ಗಂಟೆಗಿಂತ ಹೆಚ್ಚು ನಿಂತರೆ ಹಸಿ ಹಾಲು ಬಹಳ ಒಳ್ಳೆಯದು, ಅರ್ಧ ಗಂಟೆಯೊಳಗೆ ಹೋದರೆ ಕಳಪೆ. ಕೊಳವೆಯ ಮೇಲ್ತುದಿಯಲ್ಲಿ ಗಾಳಿ ತಾಗುವ ಕಡೆ ತೆಳು ನೀಲಿ ಉಂಗುರ ಉಳಿಯುತ್ತದೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲಿಜರಿನ್-ಆಲ್ಕೋಹಾಲ್ ಪರೀಕ್ಷೆ ಇದಕ್ಕಿಂತ ಚುರುಕು. ಹುಳಿಯಾದ ಹಾಲು ಹಳದಿಗೆ, ಕೆಚ್ಚಲು ಬಾವು ಬಂದ ಹಸುವಿನ ಹಾಲು ನೇರಳೆಗೆ ತಿರುಗುತ್ತದೆ.

ಪ್ಯಾಕೆಟ್‌ಗೆ ಹಚ್ಚುವ ಚುಕ್ಕೆಯ ವಿಚಾರದಲ್ಲಿ ನೆನಪಿಡಬೇಕಾದ್ದು ಇಷ್ಟು: ಮೀನು ಕೆಟ್ಟರೆ ಕ್ಷಾರ, ಹಾಲು ಕೆಟ್ಟರೆ ಹುಳಿ. ತಾಜಾ ಹಾಲಿನ ಪಿಎಚ್ 6.6ರಿಂದ 6.8, ಅಲ್ಲಿಂದ ಅದು ಇಳಿಯುತ್ತದೆ. ಮೀನಿನ ಚುಕ್ಕೆಯನ್ನು ತಂದು ಹಾಲಿಗೆ ಹಚ್ಚಿದರೆ ಪ್ರಯೋಜನವಿಲ್ಲ.

ಹಣ್ಣಿಗೆ?

ನ್ಯೂಜಿಲೆಂಡ್‌ನಲ್ಲಿ ಪೇರ್ ಹಣ್ಣಿಗೆಂದು ರೈಪ್‌ಸೆನ್ಸ್ ಎಂಬ ಲೇಬಲ್ ಬಂತು. ಹಣ್ಣು ಮಾಗುವಾಗ ಬಿಡುವ ಪರಿಮಳಕ್ಕೆ ಅದು ಕೆಂಪಿನಿಂದ ಕಿತ್ತಳೆಗೆ, ಅಲ್ಲಿಂದ ಹಳದಿಗೆ ತಿರುಗುತ್ತದೆ. ಗ್ರಾಹಕರು ಹಣ್ಣನ್ನು ಒತ್ತಿ ಒತ್ತಿ ಹಾಳುಮಾಡುವುದು ತಪ್ಪಿತು. ಮುಚ್ಚಿದ ಡಬ್ಬಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಸಂತೆಯ ರಾಶಿ ಮಾವಿಗೆ ಇದು ಹೊಂದದು.

ಕೆಲವು ಪ್ಯಾಕೆಟ್ ಒಳಗೆ ಗುಲಾಬಿ ಗುಳಿಗೆ ಇರುತ್ತಲ್ಲ, ಅದೇನು?

ಜಪಾನಿನ ಮಿತ್ಸುಬಿಷಿ ಗ್ಯಾಸ್ ಕೆಮಿಕಲ್ ಕಂಪನಿಯ ಏಜ್‌ಲೆಸ್ ಐ ಇದಕ್ಕೆ ಹೆಸರಾದ ಉದಾಹರಣೆ. ಆಮ್ಲಜನಕ 0.1 ಶೇಕಡಾಕ್ಕಿಂತ ಕಡಿಮೆ ಇದ್ದರೆ ಗುಲಾಬಿ, 0.5 ಶೇಕಡಾ ಮುಟ್ಟಿದರೆ ನೀಲಿ. ಪ್ಯಾಕೆಟ್ ತೂತಾಗಿದೆಯೇ ಎಂದು ತಿಳಿಯಲು ಇರುವುದು. ಒಳಗಿನ ತಿಂಡಿ ಹಳತೋ ಹೊಸತೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಗುಳಿಗೆಯನ್ನು ಮಕ್ಕಳ ಕೈಗೆ ಕೊಡಬೇಡಿ.

## ಸಾಗಿಸುವವರು, ಮಾರುವವರು ಕೇಳುವುದು

ಲಾರಿಯಲ್ಲಿ ಟೆಂಪರೇಚರ್ ರೆಕಾರ್ಡರ್ ಇದೆ. ಪೆಟ್ಟಿಗೆಗೊಂದು ಲೇಬಲ್ ಯಾಕೆ ದಂಡ?

ರೆಕಾರ್ಡರ್ ಅಳೆಯುವುದು ಅದನ್ನು ಕೂರಿಸಿದ ಜಾಗದ ಗಾಳಿಯನ್ನು. ಬಾಗಿಲ ಪಕ್ಕದ ಪೆಟ್ಟಿಗೆ, ಬ್ಲೋವರ್‌ನ ಮುಂದಿನ ಪೆಟ್ಟಿಗೆ, ನಡುವೆ ಒತ್ತಿ ಜೋಡಿಸಿದ ಪೆಟ್ಟಿಗೆ ಮೂರೂ ಬೇರೆ ಬೇರೆ ತಾಪದಲ್ಲಿ ಇರುತ್ತವೆ. ಇನ್ನೊಂದು ಮಾತು: ಲಾರಿಯ ದಾಖಲೆ ಲಾರಿಗೆ ಮುಗಿಯುತ್ತದೆ. ಮಲ್ಪೆಯಲ್ಲಿ ತುಂಬುವ ಮೊದಲು ಬಿಸಿಲಲ್ಲಿ ಕಾದದ್ದು, ಬೆಂಗಳೂರಿನಲ್ಲಿ ಇಳಿಸಿದ ಮೇಲೆ ಅಂಗಡಿ ಮುಂದೆ ನಿಂತದ್ದು, ಸ್ಕೂಟರಿನ ಹಿಂದೆ ಮನೆಮನೆಗೆ ಹೋದದ್ದು ಅದರಲ್ಲಿ ಇಲ್ಲ. ಮಾಲು ಹೆಚ್ಚಾಗಿ ಕೆಡುವುದು ಹೀಗೆ ಕೈ ಬದಲಾಗುವ ಹೊತ್ತಿನಲ್ಲಿ. ಲೇಬಲ್ ಪೆಟ್ಟಿಗೆಯ ಜೊತೆಗೇ ಇರುತ್ತದೆ.

ಎಲ್ಲ ಪೆಟ್ಟಿಗೆಗೂ ಹಚ್ಚಲು ಆಗದಿದ್ದರೆ ಬಾಗಿಲ ಬದಿಯ ಮತ್ತು ಮೇಲಿನ ಸಾಲಿನವಕ್ಕೆ ಹಚ್ಚಿ. ಐಸಿನ ಮೇಲೆ ನೇರವಾಗಿ ಅಂಟಿಸಬೇಡಿ. ಐಸು ತಣ್ಣಗಿರುತ್ತದೆ, ಒಂದು ಗೇಣು ಆಚೆಯ ಮೀನು ತಣ್ಣಗಿರಬೇಕೆಂದಿಲ್ಲ.

ಲೇಬಲ್ ಕೆಟ್ಟಿದೆ ಅನ್ನುತ್ತೆ, ಮಾಲು ನೋಡಿದ್ರೆ ಚೆನ್ನಾಗಿದೆ. ಇನ್ನೊಂದ್ಸಲ ಉಲ್ಟಾ. ಯಾರನ್ನ ನಂಬೋದು?

ನನಗೆ ಅತಿ ಹೆಚ್ಚು ಬರುವ ದೂರು ಇದು, ನ್ಯಾಯವಾದ ದೂರು ಕೂಡ.

ಬಿಸಿ ಏರಿದರೆ ಎಲ್ಲ ರಾಸಾಯನಿಕ ಕ್ರಿಯೆಗಳೂ ಚುರುಕಾಗುತ್ತವೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಎಷ್ಟು ಚುರುಕಾಗುತ್ತದೆ ಎಂಬುದನ್ನು ಆ ಕ್ರಿಯೆಯ ಸಕ್ರಿಯಣ ಶಕ್ತಿ ತೀರ್ಮಾನಿಸುತ್ತದೆ. ಹತ್ತು ಡಿಗ್ರಿ ಏರಿದಾಗ ನಿಮ್ಮ ಮೀನು ನಾಲ್ಕು ಪಟ್ಟು ಬೇಗ ಕೆಡುತ್ತದೆ, ಲೇಬಲ್ ಮಾತ್ರ ಎರಡೇ ಪಟ್ಟು ಬೇಗ ಓಡುತ್ತದೆ ಎಂದುಕೊಳ್ಳಿ. ಸದಾ ತಣ್ಣಗಿದ್ದ ಪೆಟ್ಟಿಗೆಯಲ್ಲಿ ಎರಡೂ ಹೊಂದುತ್ತವೆ. ಬಿಸಿಯಾದ ಪೆಟ್ಟಿಗೆಯಲ್ಲಿ, ಅಂದರೆ ಲೇಬಲ್ ಬೇಕಾಗುವ ಹೊತ್ತಿನಲ್ಲೇ, ಅದು ಹಿಂದೆ ಬೀಳುತ್ತದೆ. ಆದ್ದರಿಂದ ಕೋಳಿಗೆ ಹೊಂದಿಸಿದ ಲೇಬಲ್ ಅನ್ನು ಸಿಗಡಿಗೆ ಹಚ್ಚಬಾರದು. ನಿಮ್ಮ ಮಾಲಿನ ಮೇಲೆ, ಕನಿಷ್ಠ ಮೂರು ಬೇರೆ ಬೇರೆ ತಾಪದಲ್ಲಿ ಪರೀಕ್ಷಿಸಿದ ವರದಿಯನ್ನು ಲೇಬಲ್ ಮಾರುವವರಿಂದ ಕೇಳಿ ಪಡೆಯಿರಿ.

ಎರಡನೇ ಕಾರಣ: ಲೇಬಲ್ ಹಚ್ಚಿದಾಗ ಮಾಲು ತಾಜಾ ಇತ್ತು ಎಂದೇ ಅದರ ಲೆಕ್ಕ. ಬೋಟಿನಲ್ಲೇ ಎರಡು ದಿನ ಹಳತಾದ ಮೀನಿಗೆ ಹೊಸ ಲೇಬಲ್ ಹಚ್ಚಿದರೆ ಅದು ಸೊನ್ನೆಯಿಂದ ಎಣಿಸುತ್ತದೆ. ಇದು ಮೋಸಕ್ಕೂ ದಾರಿ. ಯಾವಾಗ, ಎಲ್ಲಿ ಹಚ್ಚಿದರು ಎಂಬುದು ಬಿಲ್ಲಿನ ಜೊತೆ ಬರಲೇಬೇಕು.

ಯಾರನ್ನು ನಂಬುವುದು ಎಂದರೆ, ಎರಡರಲ್ಲಿ ಯಾವುದು ಕೆಟ್ಟಿದೆ ಎನ್ನುತ್ತದೋ ಅದನ್ನು. ಮಾಲು ಚೆನ್ನಾಗಿ ಕಂಡು ಲೇಬಲ್ ಮುಗಿದಿದ್ದರೆ ಮಾರಾಟ ತಡೆದು ಪರೀಕ್ಷೆ ಮಾಡಿಸಿ.

ಲೇಬಲ್ ರೋಲ್ ತರಿಸಿ ಗೋಡೌನಿನಲ್ಲಿಟ್ಟಿದ್ದೆ. ಹಚ್ಚುವ ಮೊದಲೇ ಬಣ್ಣ ಬಂದಿತ್ತು. ವಾಪಸ್ ಮಾಡ್ಲಾ?

ಮೊದಲು ಅದು ಯಾವ ಬಗೆ ನೋಡಿ. ಪಾಲಿಮರ್ ಬಗೆಯವು ತಯಾರಾದ ಗಳಿಗೆಯಿಂದಲೇ ಓಡುತ್ತಿರುತ್ತವೆ, ಅವನ್ನು ಫ್ರೀಜರಿನಲ್ಲೇ ಇಡಬೇಕು. ಕಿಣ್ವದ ಬಗೆಯಲ್ಲಿ ಎರಡು ಪುಟ್ಟ ಚೀಲಗಳಿವೆ, ನಡುವಿನ ತಡೆ ಒತ್ತಿ ಒಡೆದಾಗ ಲೈಪೇಸ್ ಕಿಣ್ವ ಕೊಬ್ಬನ್ನು ಸೇರಿ ಹುಳಿ ಹುಟ್ಟಿಸುತ್ತದೆ, ಹಸಿರು ಹಳದಿಯಾಗುತ್ತದೆ. ಇನ್ನೊಂದು ಬಗೆಗೆ ಅತಿನೇರಳೆ ಬೆಳಕು ಹಾಯಿಸಿ ಗಾಢ ನೀಲಿ ಮಾಡುತ್ತಾರೆ, ಆ ನೀಲಿ ಕ್ರಮೇಣ ಮಾಸುತ್ತದೆ. ಕೊನೆಯ ಎರಡನ್ನು ಬೇಕಾದಾಗ ಚಾಲೂ ಮಾಡಬಹುದು. ಫ್ರೀಜರಿಲ್ಲದ ಸಣ್ಣ ವ್ಯಾಪಾರಿಗಳಿಗೆ ಅವೇ ವಾಸಿ.

ಅಮೆರಿಕಕ್ಕೆ ಮೀನು ಕಳಿಸುವವರಿಗೆ ಇದು ಕಡ್ಡಾಯ ಅಂತ ಕೇಳಿದೆ.

ಎಲ್ಲ ಮೀನಿಗೂ ಅಲ್ಲ. ಗಾಳಿ ತೆಗೆದ ಪ್ಯಾಕೆಟ್‌ನಲ್ಲಿ, ಹೆಪ್ಪುಗಟ್ಟಿಸದೆ ಬರೀ ತಣ್ಣಗೆ ಕಳಿಸುವ ಹಸಿ ಮೀನಿನ ಮೇಲೆ ಅಲ್ಲಿನ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಕಣ್ಣಿಟ್ಟಿದೆ, ಮೇಲೆ ಹೇಳಿದ ಬೊಟುಲಿನಂ ಭಯಕ್ಕೆ. ಅಂಥ ಪ್ಯಾಕೆಟ್ ಒಂದೊಂದಕ್ಕೂ ಕಾಲ-ತಾಪ ಸೂಚಕ ಹಚ್ಚುವುದು ಅವರು ಒಪ್ಪುವ ದಾರಿಗಳಲ್ಲಿ ಒಂದು. ಆಮ್ಲಜನಕ ಧಾರಾಳವಾಗಿ ಒಳಹೋಗುವ ಹಾಳೆ ಬಳಸುವುದು, ಕೊನೆಯವರೆಗೆ ಹೆಪ್ಪುಗಟ್ಟಿಸಿಯೇ ಕಳಿಸುವುದು ಬೇರೆ ದಾರಿಗಳು.

ಫಾರ್ಮಲಿನ್ ಹಾಕಿದ ಮೀನನ್ನು ಈ ಚುಕ್ಕೆ ಹಿಡಿಯುತ್ತಾ?

ಹಿಡಿಯುವುದಿಲ್ಲ. ಫಾರ್ಮಲಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದರಿಂದ ಆವಿ ಹುಟ್ಟುವುದೇ ಕಡಿಮೆ, ಚುಕ್ಕೆ ತಾಜಾ ಬಣ್ಣದಲ್ಲೇ ನಿಲ್ಲಬಹುದು. ಅದಕ್ಕೆ ಬೇರೆ ಪರೀಕ್ಷೆ ಇದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಫಾರ್ಮಲಿನ್ ಮತ್ತು ಅಮೋನಿಯಾ ಪತ್ತೆಗೆಂದೇ ಕಾಗದದ ಪಟ್ಟಿಯ ಕಿಟ್ ರೂಪಿಸಿದೆ. ಮೀನಿನ ಮೇಲೆ ಪಟ್ಟಿ ಉಜ್ಜಿ, ದ್ರಾವಣ ಹಾಕಿ, ಬಣ್ಣವನ್ನು ಚಾರ್ಟಿನೊಂದಿಗೆ ಹೋಲಿಸಬೇಕು.

ಬಣ್ಣದ ಶಾಯಿ ಊಟಕ್ಕೆ ಸೇರಿದರೆ? ಕಾನೂನು ಏನನ್ನುತ್ತೆ?

ನಮ್ಮಲ್ಲಿ 2018ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ಯಾಕೇಜಿಂಗ್ ನಿಯಮಗಳಿವೆ. ಪ್ಯಾಕೆಟ್‌ನ ಶಾಯಿ ಐಎಸ್ 15495 ಮಾನದಂಡಕ್ಕೆ ತಕ್ಕಂತಿರಬೇಕು, ಮುದ್ರಿಸಿದ ಬದಿ ಆಹಾರಕ್ಕೆ ತಾಗಬಾರದು. ಹೊರಗೆ ಹಚ್ಚುವ ಲೇಬಲ್‌ಗೆ ಇದು ಕಷ್ಟವಲ್ಲ. ಒಳಗಿಡುವ ಚುಕ್ಕೆಗೆ ಆವಿ ಹಾಯುವ, ಬಣ್ಣ ಹಾಯದ ಒಂದು ಪೊರೆ ಮುಂದೆ ಇರಲೇಬೇಕು.

ನನಗೆ ಕೆಂಪು-ಹಸಿರು ಗೊತ್ತಾಗಲ್ಲ. ನಾನೇನು ಮಾಡ್ಲಿ?

ನಿಮ್ಮಂಥವರು, ಅದರಲ್ಲೂ ಗಂಡಸರು, ಬಹಳ ಜನ ಇದ್ದಾರೆ. ಹಸಿರಿನಿಂದ ಕೆಂಪಿಗೆ ತಿರುಗುವ ಲೇಬಲ್ ಮಾಡುವವರು ನಿಮ್ಮನ್ನು ಮರೆತಿದ್ದಾರೆ. ಲಸಿಕೆಯ ಚೌಕದ ಹಾಗೆ ತಿಳಿಯಿಂದ ಗಾಢಕ್ಕೆ ಹೋಗುವ, ಪಕ್ಕದಲ್ಲೇ ಹೋಲಿಕೆಯ ಉಂಗುರವಿರುವ ಲೇಬಲ್ ಕೇಳಿ. ಬ್ರಿಟನ್ನಿನಲ್ಲಿ ಸೋಲ್ವೇಗಾ ಪಾಕ್ಷ್ಟೈಟೆ ಎಂಬ ವಿನ್ಯಾಸಕಿ ಬೆರಳಿಗೆ ಗೊತ್ತಾಗುವ ಲೇಬಲನ್ನೇ ಮಾಡಿದರು. ಒಳಗಿನ ಜೆಲಟಿನ್ ಕರಗಿದಂತೆ ನುಣುಪಾಗಿದ್ದದ್ದು ಉಬ್ಬುಬ್ಬಾಗುತ್ತದೆ. ಕಣ್ಣು ಕಾಣದವರಿಗೂ ಅದು ಉಪಯೋಗ.

## ಪ್ರಯೋಗಾಲಯದವರಿಗೆ

ಎಂಎಸ್‌ಸಿ ಪ್ರಾಜೆಕ್ಟಿಗೆ ಆಂಥೊಸಯಾನಿನ್ ಫಿಲ್ಮ್ ಮಾಡ್ತಿದ್ದೀನಿ ಸರ್. ಬಣ್ಣ ಚೆನ್ನಾಗಿ ಬದಲಾಗ್ತಿದೆ. ಇನ್ನೇನು ನೋಡಬೇಕು?

ಅಮೋನಿಯಾ ಬಾಟಲಿಯ ಬಾಯಿಗೆ ಹಿಡಿದರೆ ಎಲ್ಲ ಫಿಲ್ಮೂ ಬಣ್ಣ ಬದಲಿಸುತ್ತವೆ. ಮೀನಿನ ಪ್ಯಾಕೆಟ್‌ನಲ್ಲಿ ಅಷ್ಟು ಆವಿ ಇರುವುದಿಲ್ಲ. ಹಾಗಾಗಿ ನಿಜವಾದ ಮೀನು, ನಿಜವಾದ ತಂಪು ಇಟ್ಟು ಮಾಡಿ. ಪ್ರತಿ ಸಲ ಬಣ್ಣ ಓದುವಾಗಲೂ ಅದೇ ಮೀನಿನ ಟಿವಿಬಿ-ಎನ್, ಅಂದರೆ ಆವಿಯಾಗುವ ಕ್ಷಾರಗಳಲ್ಲಿರುವ ಒಟ್ಟು ನೈಟ್ರೋಜನ್ ಅಳೆಯಿರಿ. 100 ಗ್ರಾಂಗೆ 30ರಿಂದ 35 ಮಿಲಿಗ್ರಾಂ ನೈಟ್ರೋಜನ್ ಬಳಿ ಮೀನನ್ನು ತಿರಸ್ಕರಿಸುವುದು ವಾಡಿಕೆ. ನಿಮ್ಮ ಬಣ್ಣ ಅದಕ್ಕಿಂತ ಮೊದಲು ತಿರುಗಬೇಕು.

ಇಂಗಾಲದ ಡೈಆಕ್ಸೈಡ್ ತುಂಬಿದ ಪ್ಯಾಕೆಟ್‌ನಲ್ಲಿ ಆ ಅನಿಲ ಫಿಲ್ಮಿನ ತೇವದಲ್ಲಿ ಕರಗಿ ಹುಳಿಯಾಗುತ್ತದೆ, ಅಮೈನ್‌ಗಳ (ಟ್ರೈಮಿಥೈಲಮೀನ್‌ನಂಥ ಆವಿಗಳ) ಕ್ಷಾರವನ್ನು ಅಡಗಿಸುತ್ತದೆ. ಆಂಥೊಸಯಾನಿನ್ ಬೆಳಕಿಗೂ ಬಿಸಿಗೂ ತಾನೇ ಮಾಸುತ್ತದೆ, ಆದ್ದರಿಂದ ಮೀನಿಲ್ಲದ ಖಾಲಿ ಪ್ಯಾಕೆಟ್ ಒಂದನ್ನು ಅಷ್ಟೇ ದಿನ ಅಂಗಡಿಯ ಬೆಳಕಿನಲ್ಲಿ ಇಡಿ. ಫಿಲ್ಮನ್ನು ನೀರಿನಲ್ಲಿ ಮುಳುಗಿಸಿ ಎಷ್ಟು ಬಣ್ಣ ಬಿಡುತ್ತದೆ ನೋಡಿ. ಫೋನಿನಲ್ಲಿ ಫೋಟೊ ತೆಗೆದು ಬಣ್ಣ ಅಳೆಯುವುದಾದರೆ ಚೌಕಟ್ಟಿನೊಳಗೆ ಪ್ರತಿ ಸಲವೂ ಅದೇ ಬಿಳಿ ಕಾರ್ಡ್ ಇರಲಿ, ಬೆಳಕು ಒಂದೇ ಇರಲಿ. ಇಲ್ಲದಿದ್ದರೆ ಮೊದಲ ದಿನದ ಫೋಟೊಗೂ ಐದನೇ ದಿನದ ಫೋಟೊಗೂ ಇರುವ ವ್ಯತ್ಯಾಸ ಮೀನಿನದ್ದೋ ಟ್ಯೂಬ್‌ಲೈಟಿನದ್ದೋ ಹೇಳಲಾಗುವುದಿಲ್ಲ.